ಉಳ್ಳಾಗಡ್ಡಿ ಬಣ್ಣದ ಸೀರೆಗೊಂದು ಜಂಪರ್

ಗಜೇಂದ್ರಗಡದಿಂದ ಫೋನು ಬಂದಾಗ ನಾನು ರೋಣದ ನನ್ನ ಅಂಗಡಿಯಲ್ಲಿ ಅಸ್ತರ್ ಕತ್ತರಿಸುತ್ತಿದ್ದೆ. ಜಂಪರಿನ ಒಳಗೆ ಹಚ್ಚುವ ತೆಳು ಬಟ್ಟೆ ಅದು. ನಡುವೆ ಕತ್ತರಿ ನಿಂತರೆ ಅಂಚು ಡೊಂಕಾಗುತ್ತದೆ. ಫೋನು ಮಾಡಿದವರು ಕಾಕಾನ ಅಂಗಡಿಯ ಎದುರಿಗೆ ಬಳೆ ಮಾರುವ ಖಾಲಾ.

"ಕಾಕಾ ಹ್ವಾದ್ರು ಬೇಟಾ, ನಸಿಕಿನ್ಯಾಗ," ಅಂದರು.

"ಹೌದೇನ್ರಿ," ಅಂದೆ. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಒತ್ತಿಕೊಂಡು ಬಟ್ಟೆಯನ್ನು ಕೊನೆಯವರೆಗೆ ಕತ್ತರಿಸಿದೆ. ಅಂಚು ನೆಟ್ಟಗೇ ಬಂದಿತ್ತು. ಕಾಗದದಲ್ಲಿ ಸುತ್ತಿ ಗಿರಾಕಿಗೆ ಕೊಟ್ಟೆ. ಆಮೇಲೆ ಶಟರ್ ಎಳೆದು ಬಸ್ ಸ್ಟ್ಯಾಂಡಿಗೆ ನಡೆದೆ. ದಾರಿಯಲ್ಲಿ ಅಳು ಬಂದೀತೆಂದು ಕಿಟಕಿಯ ಪಕ್ಕ ಕೂತಿದ್ದೆ. ಬರಲಿಲ್ಲ. ಇದನ್ನು ಬರೆಯುವ ಹೊತ್ತಿಗೂ ಬಂದಿಲ್ಲ.

ಕಾಲೇಜಿನ ದಿನಗಳಿಂದ ದಿನಚರಿ ಬರೆಯುತ್ತೇನೆ. ದಿನಚರಿ ಬರೆಯುವವರಿಗೆ ಎಲ್ಲ ನೆನಪಿರುತ್ತದೆ ಎಂದು ಜನ ತಿಳಿದಿದ್ದಾರೆ. ನನಗಾದದ್ದು ಬೇರೆ. ಹಳೆಯ ಪುಟ ತೆಗೆದಾಗಲೆಲ್ಲ ಅಲ್ಲಿ ಇರಬೇಕಾದದ್ದು ಇರುವುದಿಲ್ಲ. ಕಾಕಾ ಬಗ್ಗೆ ಬರೆಯುವಾಗಲೂ ಹಾಗೇ. ಅವರ ಮಾತುಗಳು ಕಿವಿಯಲ್ಲಿವೆ. ಆದರೆ ಆ ಮಾತನ್ನು ಅವರು ಆಡಿದ್ದು ಯಾವ ದಿನ, ಆಗ ನನಗೆ ಎಷ್ಟು ತಿಳಿದಿತ್ತು, ಈಗ ತಿಳಿದದ್ದನ್ನು ಆ ದಿನಕ್ಕೆ ಹಚ್ಚುತ್ತಿದ್ದೇನೆಯೇ ಎಂಬುದು ಗೊತ್ತಾಗುವುದಿಲ್ಲ.

ಅವರು ನನಗೆ ಸಂಬಂಧಿಕರಲ್ಲ. ಪೇಟೆಗೆಲ್ಲ ಕಾಕಾ. ಗಜೇಂದ್ರಗಡದ ಪೇಟೆಯಲ್ಲಿ ಅವರದೊಂದು ಮ್ಯಾಚಿಂಗ್ ಸೆಂಟರ್ ಇತ್ತು. ಹೆಂಗಸರು ಸೀರೆ ತರುತ್ತಿದ್ದರು, ಇವರು ಅದಕ್ಕೆ ಕೂಡುವ ಜಂಪರ್ ಪೀಸು ಕೊಡುತ್ತಿದ್ದರು. ನಾನು ನರಗುಂದದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೆ. ಒಂದು ವರ್ಷ ಪಾಠದ ಅವಧಿಗಳೇ ಉಳಿಯಲಿಲ್ಲ, ನನ್ನನ್ನು ಕರೆಯಲೂ ಇಲ್ಲ. ಹೊಲಿಗೆ ಬರುತ್ತಿತ್ತು. ರೋಣದಲ್ಲಿ ಅಂಗಡಿ ಹಾಕು, ಅದಕ್ಕೆ ಮೊದಲು ಕಾಕಾನ ಹತ್ತಿರ ಕೆಲಸ ಕಲಿ ಎಂದು ನಮ್ಮ ಸೋದರತ್ತೆ ನನ್ನನ್ನು ಅವರ ಮುಂದೆ ತಂದು ನಿಲ್ಲಿಸಿದಳು.

"ಏನ್ ಓದೀರಿ?" ಅಂದರು.

"ಎಂ.ಎ. ಮಾಡೀನ್ರಿ. ಸಮಾಜಶಾಸ್ತ್ರ."

"ಅದರಾಗ ಗಿರಾಕಿ ಬಗ್ಗೆ ಏನರ ಐತೇನು?"

"ಇಲ್ರಿ."

"ಹಂಗಾದ್ರ ಕುಂದರ್ರಿ ಮೇಡಮ್. ಉಳದದ್ದು ಇಲ್ಲಿ ಮಾಡೂಣು."

ಕೊನೆಯವರೆಗೂ ನನ್ನನ್ನು ಮೇಡಮ್ ಎಂದೇ ಕರೆದರು. ಮೊದಮೊದಲು ಅದು ಚಾಷ್ಟಿ, ತಮಾಷೆ. ಆಮೇಲೆ ಅದೇ ನನ್ನ ಹೆಸರಾಯಿತು.

ಕಾಕಾ ಸಲಹೆ ಕೊಡದೆ ಇರಲಾರದ ಮನುಷ್ಯ. ಕೇಳಿದರೂ ಕೊಡುವರು, ಕೇಳದಿದ್ದರೆ ಇನ್ನೂ ಹೆಚ್ಚು ಕೊಡುವರು. ಪೇಟೆಯವರ ವಾಟ್ಸಾಪ್ ಗುಂಪಿನಲ್ಲಿ ಬೆಳಿಗ್ಗೆ ಅವರ ದನಿ ಬರಲೇಬೇಕು. ಖಾಲಾ ಬಳೆ ಒರೆಸುತ್ತ, "ಬಂತ್ ನೋಡ್ರಿ ಆಕಾಶವಾಣಿ," ಎನ್ನುತ್ತಿದ್ದರು. ಅಂದುಕೊಂಡೇ ಫೋನನ್ನು ಕಿವಿಗೆ ಹಿಡಿಯುತ್ತಿದ್ದರು.

"ಏನ್ ಬೇಕು ಅಂತ ಕೇಳಬ್ಯಾಡ್ರಿ ಮೇಡಮ್. ಏನ್ ಬೇಕು ಅಂದ್ರ ಆಕಿ ಬೇಕಾದದ್ದನ್ನಷ್ಟ ಹೇಳ್ತಾಳ. ಯಾರಿಗೆ ಅಂತ ಕೇಳ್ರಿ. ಮಗಳಿಗೆ ಅಂತಾಳ, ಮಗಳ ಲಗ್ನ ಅಂತಾಳ, ಬೀಗರು ಪುರ್ತಗೇರಿಯವರು ಅಂತಾಳ. ಅಷ್ಟೊತ್ತಿಗೆ ಆಕಿ ಕುಂತಿರ್ತಾಳ. ಕುಂತಾಕಿ ಬರಿಗೈಲೆ ಏಳೂದಿಲ್ಲ."

ಗಿರಾಕಿ ಇರುವತನಕ ಬಿಚ್ಚಿದ ಬಟ್ಟೆ ಮಡಚಬಾರದು. ಮಡಚಿದರೆ ಎದ್ದು ಹೋಗು ಅಂದಂತೆ. ನಮ್ಮಲ್ಲಿ ಇಲ್ಲದ ಮಾಲನ್ನು ಇಲ್ಲ ಎನ್ನುವ ಮೊದಲು ಅದು ಯಾವ ಅಂಗಡಿಯಲ್ಲಿ ಸಿಗುತ್ತದೆಂದು ಹೇಳಬೇಕು. ಬೇಸರದ ಕೆಲಸವನ್ನು ಮೊದಲ ಚಹಾಕ್ಕಿಂತ ಮುಂಚೆ ಮುಗಿಸಬೇಕು. ಮನೆಯ ಕೀಲಿಯನ್ನೂ ಅಂಗಡಿಯ ಕೀಲಿಯನ್ನೂ ಒಂದೇ ಗೊಂಚಲಲ್ಲಿ ಇಡಬಾರದು. ಶಟರನ್ನು ಅರ್ಧ ಎಳೆದು ಕೂರಬಾರದು. ತೆಗೆದರೆ ಪೂರ್ತಿ ತೆಗೆ, ಹಾಕಿದರೆ ಪೂರ್ತಿ ಹಾಕು. ಹೆಂಡತಿಯ ಜೊತೆ ಜಗಳವಿದ್ದರೆ ಊಟಕ್ಕಿಂತ ಮೊದಲು ಆಡಿ ಮುಗಿಸಬೇಕು, ಊಟವಾದ ಮೇಲೆ ಆಡಿದರೆ ಮಧ್ಯಾಹ್ನದ ವ್ಯಾಪಾರ ಕೆಡುತ್ತದೆ. ಇವನ್ನೆಲ್ಲ ತಮಗೆ ಯಾರು ಕಲಿಸಿದರೆಂಬುದನ್ನು ಮಾತ್ರ ಬದಲಿಸುತ್ತಲೇ ಇದ್ದರು. ಒಮ್ಮೆ ಅವರಪ್ಪ ಅನ್ನುವರು, ಇನ್ನೊಮ್ಮೆ ನರಗುಂದದಲ್ಲಿ ಅವರು ಸಣ್ಣವರಿದ್ದಾಗ ಕೆಲಸಕ್ಕಿದ್ದ ಅಂಗಡಿಯ ಸಾಹೇಬರು ಅನ್ನುವರು. ನಾನು ಕೇಳಿದರೆ, "ಯಾರ್ ಹೇಳಿದ್ರೇನ್ರಿ ಮೇಡಮ್, ಮಾಲ್ ಚಲೋ ಐತೋ ಇಲ್ಲೋ ನೋಡ್ರಿ," ಎಂದು ನಗುತ್ತಿದ್ದರು.

ಎಲ್ಲವೂ ಚಲೋ ಮಾಲಲ್ಲ. ರೋಣದಲ್ಲಿ ಅಂಗಡಿ ತೆರೆದ ಹೊಸದರಲ್ಲಿ ಒಬ್ಬ ಹೆಂಗಸಿಗೆ, "ಯಾರಿಗ್ರಿ?" ಅಂದೆ. "ಯಾರಿಗಾದ್ರ ನಿನಗೇನ? ನನ್ನ ಬೀಗಿತಿ ಏನು ನೀ?" ಎಂದು ಎದ್ದೇ ಹೋದಳು. ಅವತ್ತಿನಿಂದ ನಾನು ಏನು ಬೇಕು ಅಂತಲೇ ಕೇಳುತ್ತೇನೆ.

ಅವರ ನಿಜವಾದ ಹೆಮ್ಮೆ ಸಲಹೆಗಳಲ್ಲಿ ಇರಲಿಲ್ಲ, ಕಣ್ಣಿನಲ್ಲಿ ಇತ್ತು. ಗಾದಿಯ ಮೇಲೆ ಕೂತು, ಹಿಂದಿನ ರ‍್ಯಾಕಿಗೆ ತಿರುಗಿಯೂ ನೋಡದೆ ಕೈ ಚಾಚಿ ಬೇಕಾದ ಬಟ್ಟೆಯ ಸುರುಳಿಯನ್ನು, ಥಾನನ್ನು, ಎಳೆಯುತ್ತಿದ್ದರು. ಎಳೆದದ್ದನ್ನು ಅಂಗಡಿಯೊಳಗೆ ಎಂದೂ ತೋರಿಸುತ್ತಿರಲಿಲ್ಲ. ಸೀರೆಯ ಸೆರಗನ್ನೂ ಬಟ್ಟೆಯನ್ನೂ ಹೊರಗಿನ ಕಟ್ಟೆಗೆ ಒಯ್ದು, "ಬಿಸಲಿಗೆ ಹಿಡೀರಿ. ಟ್ಯೂಬ್‌ಲೈಟು ಸುಳ್ಳ ಹೇಳ್ತೈತಿ," ಎನ್ನುವರು. ಬಣ್ಣಗಳಿಗೆ ಅವರವೇ ಹೆಸರು. ಬದನಿಕಾಯಿ, ಕುಸುಬಿ ಹೂವು, ಕಡ್ಲಿಹಿಟ್ಟು, ಉಳ್ಳಾಗಡ್ಡಿ, ಎಳೆ ಹೆಸರುಕಾಯಿ. ಸೂಡಿ, ಸವಡಿ ಕಡೆಯಿಂದ ಬರುವ ಹೆಂಗಸರಿಗೆ ಕಂಪನಿಯ ಇಂಗ್ಲಿಷ್ ಹೆಸರುಗಳಿಗಿಂತ ಇವು ಲಗೂ ತಿಳಿಯುತ್ತಿದ್ದವು.

ಅವರ ಮಗ ಪಕ್ಕದ ಖೋಲಿಯಲ್ಲಿ ರೆಡಿಮೇಡ್ ಅಂಗಡಿ ಇಟ್ಟಿದ್ದ. ಒಳ್ಳೆಯ ಹುಡುಗ, ಅಪ್ಪನ ಔಷಧಿ ತಪ್ಪದಂತೆ ನೋಡಿಕೊಳ್ಳುತ್ತಿದ್ದ. ಹೊಲಿದಿಟ್ಟ ಜಂಪರುಗಳು ಬಂದ ಮೇಲೆ ಪೀಸು ಕೊಳ್ಳುವವರು ಕಡಿಮೆಯಾಗುತ್ತಿದ್ದರು. ಅದನ್ನು ನೋಡಿಯೇ ಅವನು ಹೇಳಿದ್ದ: "ನಿಮ್ಮ ಕಣ್ಣ ಇರೂತನ ಮ್ಯಾಚಿಂಗ್ ನಡೀಲಿ ಅಪ್ಪಾ. ಆಮ್ಯಾಲ ಈ ಗ್ವಾಡಿ ಒಡದು ಎರಡೂ ಒಂದ ಮಾಡ್ತೀನಿ. ನೀವು ಮನ್ಯಾಗ ಆರಾಮ ಇರ್ರಿ."

ಪ್ರೀತಿಯಿಂದಲೇ ಹೇಳಿದ್ದ. ಕಾಕಾ ಆ ಗೋಡೆಯ ಕಡೆ ನೋಡಿ, "ಆರಾಮ ಇದ್ರ ಸಾಯ್ತೀನಲೇ," ಅಂದರು. ಮಗ ನಕ್ಕ. ನಾನೂ ನಕ್ಕಿರಬೇಕು.

ಎಂದಿನಿಂದ ಶುರುವಾಯಿತೋ ನನಗೆ ಗೊತ್ತಿಲ್ಲ. ನೆನಪಿರುವುದು ಸವಡಿಯ ಹೆಂಗಸು. ಹಿಂದಿನ ದಿನ ಒಯ್ದ ಪೀಸನ್ನು ವಾಪಸು ತಂದು ಗಾದಿಯ ಮೇಲೆ ಇಟ್ಟಳು. "ಕಾಕಾ, ಇದು ಕರಿ ಅಲ್ರಿ, ನೀಲಿ ಐತಿ. ನಮ್ಮ ನೆಗೆಣ್ಣಿ ನಕ್ಕ ನಕ್ಕ ಸತ್ಲು."

"ಟ್ಯೂಬ್‌ಲೈಟಿನ ಕೆಲಸ ನೋಡವ್ವಾ," ಎಂದು ಕಾಕಾ ನಕ್ಕು ಬೇರೆ ಪೀಸು ಕೊಡಿಸಿದರು. ಆದರೆ ಹಿಂದಿನ ದಿನ ಅದನ್ನು ಕಟ್ಟೆಗೆ ಒಯ್ದಿದ್ದರು. ಬಿಸಿಲಿಗೆ ಹಿಡಿದಿದ್ದರು. ಸೆರಗಿನ ಇನ್ನೊಂದು ತುದಿಯನ್ನು ಹಿಡಿದವಳು ನಾನೇ. ಹಾಗೆಂದು ಈಗ ಖಾತ್ರಿಯಾಗಿ ಅನ್ನಿಸುತ್ತದೆ. ಆಗ ಅದನ್ನು ಅವರ ಮಾತಿನ ಜೊತೆ ಹೋಲಿಸಿ ನೋಡಿದೆನೋ ಇಲ್ಲವೋ ಹೇಳಲಾರೆ.

ಅದಾದ ಮೇಲೆ ಎರಡು ಹೊಸ ಸಲಹೆಗಳು ಬಂದವು. ಒಂದು, ಗಿರಾಕಿಯ ಕೈಯಿಂದಲೇ ಆರಿಸಬೇಕು. "ನಾವು ಕೊಟ್ಟದ್ದನ್ನ ಹೊಳ್ಳಿ ತರ್ತಾರ ಮೇಡಮ್, ತಾವ ಆರಿಸಿದ್ದನ್ನ ತರೂದಿಲ್ಲ." ಮೂರ್ನಾಲ್ಕು ಥಾನು ಬಿಚ್ಚಿ ಹರವಿ, "ನೀವ ಹೇಳ್ರಿ, ಯಾವ್ದು ಕೂಡತೈತಿ?" ಎಂದು ಸುಮ್ಮನೆ ಕೂರುತ್ತಿದ್ದರು. ಪೇಟೆಯವರೆಲ್ಲ ಈ ಸಲಹೆ ಹಿಡಿದರು. ಖರೇ ಹೇಳಬೇಕೆಂದರೆ ಅವರ ಸಲಹೆಗಳಲ್ಲೇ ಚಲೋ ನಡೆದದ್ದು ಇದು. ನಾನೂ ನಡೆಸುತ್ತೇನೆ, ವಾಪಸು ಬರುವ ಮಾಲು ಬಹಳ ಕಡಿಮೆ. ಇನ್ನೊಂದು, ತೆಗೆದದ್ದನ್ನು ತೆಗೆದ ಜಾಗದಲ್ಲೇ ಇಡಬೇಕು. ಒಮ್ಮೆ ನಾನು ಒಂದು ಥಾನನ್ನು ಪಕ್ಕದ ಸಾಲಿಗೆ ತಳ್ಳಿದ್ದಕ್ಕೆ, ಎಂದೂ ದನಿ ಏರಿಸದವರು, "ಹುಡುಕೂದ್ರಾಗ ಗಿರಾಕಿ ಎದ್ದು ಹೋಗ್ತಾಳ! ಎಲ್ಲಿದ್ದದ್ದು ಅಲ್ಲೇ ಇರಬೇಕು!" ಎಂದು ಕೂಗಿದರು. ಶಿಸ್ತು ಅಂದುಕೊಂಡೆ. ಇವತ್ತಿಗೂ ಆ ಶಿಸ್ತು ನನ್ನ ಅಂಗಡಿಯಲ್ಲಿದೆ.

ಸಂತೆಯ ಮರುದಿನ ಅಂಗಡಿ ಮುಚ್ಚಿರುತ್ತಿತ್ತು. ಅಂಥದೊಂದು ದಿನ ಮಗ ಒಳಗೆ ಬಂದು ರ‍್ಯಾಕನ್ನೆಲ್ಲ ಬದಲಿಸಿಬಿಟ್ಟ. ಅಪ್ಪನಿಗೆ ಅನುಕೂಲವಾಗಲಿ ಎಂದೇ ಮಾಡಿದ್ದು. "ಈಗ ಎಲ್ಲಾರೂ ಮೊದಲ ರೇಟ್ ಕೇಳ್ತಾರಪ್ಪಾ. ಸಸ್ತಾ ಕೆಳಗ, ಭಾರಿದ್ದು ಮ್ಯಾಲ ಇಟ್ಟೀನಿ. ಲಗೂ ಕೈಗೆ ಸಿಗ್ತೈತಿ," ಎಂದು ಮರುದಿನ ಬೆಳಿಗ್ಗೆ ಬಾಗಿಲಲ್ಲೇ ನಿಂತು ಹೇಳಿದ. ಹೇಳಿ, ಹೇಗೆ ನಡೆಯುತ್ತದೆಂದು ನೋಡಲು ಅಲ್ಲೇ ನಿಂತ.

ಅಷ್ಟರಲ್ಲಿ ಸೂಡಿಯಿಂದ ಒಂದು ಲಗ್ನದ ಮನೆಯವರು ಬಂದರು. ಅವರೊಳಗೆ ಮದುಮಗಳ ಅತ್ತೆಯೊಬ್ಬಳು ಇದ್ದಳು, ದೊಡ್ಡ ಬಾಯಿಯವಳು. ಅವಳ ಕೈಯಲ್ಲಿ ಉಳ್ಳಾಗಡ್ಡಿ ಬಣ್ಣದ ಸೀರೆ, ಈರುಳ್ಳಿ ಸಿಪ್ಪೆಯ ನಸುಗೆಂಪು. ಆಗಲೇ ಕಾಕು, ಅಂದರೆ ಕಾಕಾನ ಹೆಂಡತಿ, ಬುತ್ತಿ ಹಿಡಿದುಕೊಂಡು ಒಳಗೆ ಬಂದರು.

"ನಿಮ್ಮ ಕಣ್ಣಿಗೇ ಬಿಟ್ಟೀವ್ರಿ ಕಾಕಾ," ಅಂದಳು ಅತ್ತೆ. "ನಾವ್ ಆರಸೂದಿಲ್ಲ. ನೀವ ತಗದ ಕೊಡ್ರಿ."

ಮಗ ನೋಡುತ್ತಿದ್ದ. ಕಾಕಾ ಎಂದಿನಂತೆ ತಿರುಗಿ ನೋಡದೆ ಹಿಂದಕ್ಕೆ ಕೈ ಚಾಚಿ, ಉಳ್ಳಾಗಡ್ಡಿ ಇರುತ್ತಿದ್ದ ಜಾಗದಿಂದ ಥಾನೊಂದನ್ನು ಎಳೆದು ಸೀರೆಯ ಮೇಲೆ ಝಾಡಿಸಿ ಹಾಸಿದರು. "ನೋಡ್ರಿ, ಒಂದ ಗಡಗ್ಯಾಗ ಬಣ್ಣ ಹಾಕಿದ್ಹಂಗ ಐತಿ!"

ಹಾಸಿದ್ದು ಎಳೆ ಹೆಸರುಕಾಯಿ ಬಣ್ಣದ್ದು. ತಿಳಿ ಹಸಿರು.

ಹೆಂಗಸರು ಸೀರೆ ನೋಡಿದರು, ಬಟ್ಟೆ ನೋಡಿದರು. ಆಮೇಲೆ ಅತ್ತೆ, "ಚಾಷ್ಟಿ ಮಾಡಾಕತ್ತೀರೇನ್ರಿ ಕಾಕಾ?" ಅಂದಳು. ಮಗ ಬಾಗಿಲು ಬಿಟ್ಟು ಒಂದು ಹೆಜ್ಜೆ ಒಳಗೆ ಬಂದ. ಕಾಕಾನ ಕೈ ಬಟ್ಟೆಯ ಮೇಲೆ ಹಾಗೇ ಇತ್ತು. ಏನು ತಪ್ಪಾಗಿದೆ ಎಂದು ಬೆರಳಿನಿಂದ ಹುಡುಕುವಂತೆ ಅದು ಸ್ವಲ್ಪ ಸರಿದಾಡಿತು. ಇದನ್ನು ನಾನು ಕಂಡೆನೆಂದು ನನಗೆ ನಂಬಿಕೆ.

ಕಾಕು ಬುತ್ತಿಯನ್ನು ಠಣ್ಣನೆ ಇಟ್ಟರು. "ಅದು ನಂದು! ನನ್ನ ಉಳ್ಳಾಗಡ್ಡಿ ಬಣ್ಣದ ಸೀರಿಗೆ ಕಾಂಟ್ರಾಸ್ಟ್ ತಗೀರಿ ಅಂತ ಬೆಳಿಗ್ಗೆ ಹೇಳಿದ್ರ, ಗಿರಾಕಿ ಕುಂತಾಗ ತಗ್ಯಾಕತ್ತೀರಿ. ಮೊದಲ ಅವರದ್ದು ನೋಡ್ರಿ."

ಕಾಕಾ ಬಟ್ಟೆಯ ಮೇಲಿಂದ ಕೈ ತೆಗೆದರು. "ಹಾಂ. ನೀ ಹೇಳಿದ್ದ ತಲ್ಯಾಗ ಉಳದಿತ್ತು ನೋಡು," ಅಂದರು. ಆಮೇಲೆ ನನ್ನ ಕಡೆ ಮುಖ ಮಾಡಿ, "ಮೇಡಮ್, ಇವರಿಗೆ ಉಳ್ಳಾಗಡ್ಡಿ ತೋರಸ್ರಿ."

ನಾನು ಎದ್ದು ಹುಡುಕಿ ತೋರಿಸಿದೆ.

"ಈ ವಯಸ್ಸಿನ್ಯಾಗ ಕಾಂಟ್ರಾಸ್ಟ್ ಏನ ಯವ್ವಾ!" ಎಂದು ಅತ್ತೆ ಕಾಕುವನ್ನು ಕೆಣಕಿದಳು.

"ಅಂಗಡಿಯವನ ಹೇಂತಿ ಹಾಕ್ಕೊಳ್ಳಿಲ್ಲಂದ್ರ ಇನ್ಯಾರ ಹಾಕ್ಕೋಬೇಕ್ರಿ?"

ಎಲ್ಲರೂ ನಕ್ಕರು. ಮಗನೂ ನಕ್ಕು ತನ್ನ ಖೋಲಿಗೆ ಹೋದ. ಆ ಸಂಜೆ ಕಾಕಾ, "ಮೇಡಮ್, ರ‍್ಯಾಕು ಮೊದಲಿನ್ಹಂಗ ಮಾಡಿಬಿಡೂಣು. ರೇಟ್ ನೋಡಿ ಯಾರೂ ಬಣ್ಣ ತಗೊಳ್ಳೂದಿಲ್ಲ," ಅಂದರು. ಇಬ್ಬರೂ ಸೇರಿ ಜೋಡಿಸಿದೆವು. ನಾನು ಬಣ್ಣ ಹೇಳಿ ಕೊಡುತ್ತಿದ್ದೆ, ಅವರು ಇಡುತ್ತಿದ್ದರು. ಬಣ್ಣ ಹೇಳು ಎಂದು ಅವರು ಕೇಳಿದ್ದರೇ, ನಾನಾಗಿ ಹೇಳಿದೆನೇ? ದಿನಚರಿಯಲ್ಲಿ ಆ ದಿನದ ಪುಟದಲ್ಲಿ ಇರುವುದು ಇಷ್ಟೇ: "ಸೂಡಿಯ ಲಗ್ನದವರು ಬಂದಿದ್ದರು. ಗದ್ದಲ. ಸಂಜೆ ಥಾನು ಜೋಡಿಸಿದೆವು."

ಆ ತಿಳಿ ಹಸಿರು ಜಂಪರನ್ನು ಕಾಕು ನಿಜವಾಗಿ ಹೊಲಿಸಿದರು. ಉಳ್ಳಾಗಡ್ಡಿ ಬಣ್ಣದ ಸೀರೆಯ ಮೇಲೆ ಅದನ್ನು ತೊಟ್ಟು ಪೇಟೆಗೆ, ಮದುವೆಗಳಿಗೆ, ಮಠಕ್ಕೆ ಹೋಗುತ್ತಿದ್ದರು. ಖಾಲಾ, "ಹಸರ ಮೆಣಸಿನಕಾಯಿ ಬಂತು," ಎಂದು ಕೂಗುವರು. ಇವರು ಕೈ ಬೀಸುವರು. ಸ್ವಲ್ಪ ದಿನಕ್ಕೆ ಒಬ್ಬಿಬ್ಬರು ಹೆಂಗಸರು, "ಕಾಕು ಹಾಕ್ಕೊಂತಾರಲ್ರಿ, ಅಂಥದ್ದು," ಎಂದು ಕೇಳಿಕೊಂಡು ಬಂದರು. ಮುಂದೆ ನಾನು ರೋಣದಲ್ಲಿ ಅಂಗಡಿ ಹಾಕಿದೆ. ಹೊರಡುವ ದಿನ ಕಾಕಾ ಏನೋ ಸಲಹೆ ಕೊಟ್ಟರು. ಅದು ಏನೆಂದು ಮರೆತಿದ್ದೇನೆ. ಉಳಿದವೆಲ್ಲ ನೆನಪಿದ್ದು ಅದೊಂದೇ ಮರೆತದ್ದು ಯಾಕೋ.

ಅವರು ಹೋದ ದಿನ ನಾನು ಗಜೇಂದ್ರಗಡ ಮುಟ್ಟಿದಾಗ ಪೇಟೆಯ ಶಟರುಗಳೆಲ್ಲ ಅರ್ಧಕ್ಕೆ ಇಳಿದಿದ್ದವು. ಪೇಟೆಯವರು ಯಾರಾದರೂ ಹೋದರೆ ಮಣ್ಣು ಮುಗಿಯುವತನಕ ಹಾಗೆ ಇಡುವುದು ಪದ್ಧತಿ. "ಇದನ್ನ ನೋಡಿದ್ರ ಎದ್ದ ಕುಂತು ಬೈತಿದ್ರು," ಅಂದರು ಖಾಲಾ. ಅವರು ಅಳುತ್ತಿದ್ದರು. ನಾನು ಅವರ ಪಕ್ಕ ನಿಂತು ಎಷ್ಟು ಶಟರುಗಳ ಬಣ್ಣ ಹೋಗಿದೆ ಎಂದು ನೋಡುತ್ತಿದ್ದೆ. ಕಾಕುವಿನ ಹತ್ತಿರ ಹೋಗಿ ಕೂತೆ. ನನ್ನ ಕೈ ಹಿಡಿದುಕೊಂಡರು. ನನ್ನ ಕೈ ಬೇರೆ ಯಾರದೋ ಎನ್ನುವಂತಿತ್ತು.

ಮೊನ್ನೆ ಕಾಕು ಒಬ್ಬರೇ ಬಸ್ಸು ಹಿಡಿದು ರೋಣಕ್ಕೆ ಬಂದರು. ಪ್ಲಾಸ್ಟಿಕ್ ಚೀಲವನ್ನು ಎದೆಗೆ ಒತ್ತಿಕೊಂಡಿದ್ದರು. ನೀರು ಕೊಟ್ಟೆ, ಕೂತರು. ರೂಢಿಯಂತೆ, "ಏನ್ ಬೇಕಿತ್ರಿ ಕಾಕು?" ಎಂದುಬಿಟ್ಟೆ.

"ಏನ್ ಬೇಕು ಅಂತ ಕೇಳ್ತಿಯಲ್ಲ! ಅವ್ರು ಇದನ್ನ ಕಲಿಸಿದ್ರೇನ ನಿನಗ?" ಎಂದು ನಕ್ಕರು. ಆಮೇಲೆ, "ಗ್ವಾಡಿ ಒಡದಾನ. ಥಾನೆಲ್ಲಾ ಮಾರ್ಯಾನ. ಚಲೋ ಆಗೇತಿ ಅಂಗಡಿ, ಬೆಳಕ ಭಾಳ ಬರ್ತೈತಿ. ಆದ್ರ ಅಲ್ಲಿ ಪೀಸು ಸಿಗೂದಿಲ್ಲ," ಎಂದು ಚೀಲದಿಂದ ಸೀರೆ ತೆಗೆದರು. ಉಳ್ಳಾಗಡ್ಡಿ ಬಣ್ಣದ್ದು. ಅದರೊಳಗೆ ಆ ಜಂಪರ್, ಕಂಕುಳಲ್ಲಿ ಹರಿದಿತ್ತು. "ಇಂಥದ್ದ ಇನ್ನೊಂದು ಬೇಕು."

ನಾನು ಜಂಪರನ್ನು ಕೈಯಲ್ಲಿ ಹಿಡಿದು ಕೂತೆ. ಕಾಕು ರಸ್ತೆ ನೋಡುತ್ತ, ನಾನು ಕೇಳದಿದ್ದರೂ ಹೇಳಿದರು.

"ಸಕ್ಕರಿ ಬ್ಯಾನಿ ಕಣ್ಣಿಗೆ ಹತ್ತಿತ್ತು. ಹುಬ್ಬಳ್ಳಿ ದವಾಖಾನ್ಯಾಗ, ಹೋದದ್ದು ಹೊಳ್ಳಿ ಬರೂದಿಲ್ಲ, ಇದ್ದದ್ದು ಉಳಸಾಕ ನೋಡೂಣು ಅಂದ್ರು. ಎಳಿ ಬಣ್ಣ ಎಲ್ಲಾ ಒಂದ ಥರಾ, ಕಡು ಬಣ್ಣ ಎಲ್ಲಾ ಒಂದ ಥರಾ ಕಾಣ್ತಿದ್ವು ಅವರಿಗೆ. ಮಗನಿಗೆ ಹೇಳಬ್ಯಾಡ ಅಂತ ಆಣಿ ಹಾಕಿಸಿಕೊಂಡ್ರು. ಹೇಳಿದ್ರ ಗಾದಿ ಬಿಡಸ್ತಾನ ಅಂತ."

"ಈ ಜಂಪರ್ ಯಾವ ಬಣ್ಣದ್ದು ಅಂತ ಅವರಿಗೆ ಕಾಣ್ತಿತ್ತೇನ್ರಿ?"

"ಎಲ್ಲಿ ಕಾಣ್ತಿತ್ತು. ಹಾಕ್ಕೊಂಡು ಮುಂದ ನಿಂತ್ರ, 'ಕೂಡೇತೇನ?' ಅಂತ ಕೇಳ್ತಿದ್ರು. 'ಭಾಳ ಚಲೋ ಕೂಡೇತಿ' ಅಂತಿದ್ದೆ. ಇಬ್ಬರೂ ನಗ್ತಿದ್ವಿ." ಆಮೇಲೆ, "ಒಂದ ದಿನ ಹಾಕ್ಕೊಂಡು ಬಿಟ್ರ ಅವತ್ತಿನ ತಪ್ಪು ಸೂಡಿಯವರು ಮರೀತಾರ, ಆದ್ರ ಮಗ ಮರಿಯೂದಿಲ್ಲ. ದಿನಾ ಕಂಡ್ರ, ಇದು ನನ್ನ ಹುಚ್ಚು ಅಂತ ತಿಳಕೊಂತಾನ," ಅಂದರು.

ನನಗೆ ತಿಳಿದಿತ್ತೆಂದು ಕಾಕಾಗೆ ಗೊತ್ತಿತ್ತೇ ಎಂದು ಕೇಳಬೇಕೆನಿಸಿತು. ಆದರೆ ನನಗೆ ತಿಳಿದಿತ್ತೇ? ಕೇಳಲಿಲ್ಲ. ಕಾಕು ತಾವಾಗಿಯೇ, "ನಿನ್ನ ಬಗ್ಗೆ ಒಂದ ಮಾತು ಅಂತಿದ್ರು. ಮೇಡಮ್ಮು ಚಲೋ ಹೆಣ್ಣುಮಗಳು, ಎರಡನೇ ಸಲ ಕೇಳೂದಿಲ್ಲ ಅಂತ," ಅಂದರು. ಅದು ಹೊಗಳಿಕೆಯೋ ಏನೋ, ಇನ್ನೂ ನನಗೆ ತಿಳಿದಿಲ್ಲ.

ಥಾನುಗಳನ್ನು ಕಟ್ಟೆಗೆ ಒಯ್ದು ಹರವಿದೆ. ಹಳೆಯ ಜಂಪರ್ ಒಗೆದು ಒಗೆದು ಬೆಳ್ಳಗಾಗಿತ್ತು. ಅದಕ್ಕೆ ಹೋಲಿಸಿ ನೋಡುವಂತಿರಲಿಲ್ಲ. ಅದು ಹೊಸದಿದ್ದಾಗ ಸ್ವಲ್ಪ ಹಳದಿ ಕಡೆಗೆ ಇತ್ತು ಎಂದು ನನ್ನ ನೆನಪು. ಇಲ್ಲ, ಸ್ವಲ್ಪ ನೀಲಿ ಕಡೆಗೆ ಇತ್ತು ಎಂದು ಕಾಕು. ಆಮೇಲೆ ಬಿಸಿಲಲ್ಲಿ ಎಷ್ಟೋ ಸಲ ಕಂಡಿದ್ದರೂ, ಹೊಚ್ಚ ಹೊಸದಿದ್ದಾಗ, ಅವತ್ತು, ಅದನ್ನು ಇಬ್ಬರೂ ಟ್ಯೂಬ್‌ಲೈಟಿನಲ್ಲಿ ನೋಡಿದ್ದೆವು. ಅವತ್ತು ಕಟ್ಟೆಗೆ ಯಾರೂ ಒಯ್ದಿರಲಿಲ್ಲ.

"ನೀವ ಆರಿಸ್ರಿ ಕಾಕು," ಅಂದೆ.

ಅವರು ಒಂದೊಂದೇ ಥಾನಿನ ತುದಿಯನ್ನು ಸೀರೆಯ ಮೇಲೆ ಇಟ್ಟು, ತಲೆ ವಾಲಿಸಿ ನೋಡಿದರು. ಕೊನೆಗೆ ಒಂದನ್ನು ಹಿಡಿದು ನನ್ನ ಕಡೆ ಎತ್ತಿದರು. "ಇದು? ಕೂಡತೈತೇನ?"

ಬಿಸಿಲು ಅದರ ಮೇಲೆ ನೇರವಾಗಿ ಬಿದ್ದಿತ್ತು.

"ಇಲ್ರಿ ಕಾಕು. ಒಟ್ಟ ಕೂಡೂದಿಲ್ಲ."

"ಹಂಗಾದ್ರ ಕತ್ತರಿಸು," ಅಂದರು.

ಅಳೆದು ಕತ್ತರಿ ಹಚ್ಚಿದೆ. ಕಾಕು ಗಜೇಂದ್ರಗಡದ ಬಸ್ಸು ಬಂತೇ ಎಂದು ರಸ್ತೆಯ ಕಡೆ ನೋಡುತ್ತಿದ್ದರು. ನಡುವೆ ಎಲ್ಲೋ ಕತ್ತರಿ ನಿಂತಿತು.